ಮೊಳೆಯಿಲ್ಲದ ಅಂಗೈ

ಆ ಊರಿಗೆ ದಾರಿ ಯಾವುದು ಅಂತ ಮಾತ್ರ ಕೇಳಬೇಡಿ. ಕೇಳಿದರೂ ಹೇಳುವುದಿಲ್ಲ. ಹೋಗಿ ಬಂದವರ ಕಣ್ಣು ಇವತ್ತಿಗೂ ಉರಿಯುತ್ತಿದೆ, ಸಾಲದೇ? ಸುಣ್ಣದ ಊರು ಅದು. ಬೆಳಗಾದರೆ ಕಲ್ಲು ಒಡೆಯುತ್ತಾರೆ, ಭಟ್ಟಿಗೆ ತುಂಬುತ್ತಾರೆ, ಸುಡುತ್ತಾರೆ. ಅಲ್ಲಿ ಮನೆಯ ಮಾಡು ಬಿಳಿ, ಮರ ಬಿಳಿ, ನಾಯಿ ಬಿಳಿ, ಮನುಷ್ಯರ ಕಣ್ರೆಪ್ಪೆಯೂ ಬಿಳಿ. ಅಂಥ ಊರಿನ ಜನರ ನಾಲಿಗೆ ಹೇಗಿರಬೇಕೋ ಹಾಗೇ ಇತ್ತು.

ಊರ ನಡುವೆ ಒಂದು ಶಿಲುಬೆ ಇತ್ತು. ಶಿಲುಬೆಯ ಮೇಲೆ ಎರಡೂ ಕೈ ಚಾಚಿದ ಕರ್ತನ ಮರದ ಮೂರ್ತಿ. ಒಂದು ಕಾಲಕ್ಕೆ ಅದರ ಮುಂದೆ ಮೊಣಕಾಲೂರುತ್ತಿದ್ದರಂತೆ, ಹಾಡುತ್ತಿದ್ದರಂತೆ, ರೊಟ್ಟಿ ಮುರಿದು ಹಂಚಿಕೊಳ್ಳುತ್ತಿದ್ದರಂತೆ. ಅವೆಲ್ಲ ಅಂತೆಕಂತೆ. ಈಗ ಯಾರೂ ಅವನನ್ನು ಕರ್ತ ಅನ್ನುತ್ತಿರಲಿಲ್ಲ, ಸ್ವಾಮಿ ಅನ್ನುತ್ತಿರಲಿಲ್ಲ. 'ಮರದವನು' ಅನ್ನುತ್ತಿದ್ದರು. ಭಟ್ಟಿಯ ಬೂದಿ ಬಿದ್ದೂ ಬಿದ್ದೂ ಶಿಲುಬೆಯ ಸುತ್ತ ನೆಲ ಮೇಲೆದ್ದಿತ್ತು. ಹಿಂದೆ ಎಲ್ಲರ ತಲೆಗಿಂತ ಎತ್ತರದಲ್ಲಿದ್ದ ಆ ಕೈಗಳು ಈಗ ನಿಂತವರ ಎದೆಯ ಮಟ್ಟಕ್ಕೆ ಬಂದಿದ್ದವು.

ಆ ಊರಿಗೆ ಇದ್ದದ್ದು ಒಂದೇ ಕಟ್ಟಳೆ. ಯಾರ ಮನೆಗೆ ದುಃಖ ಬಂತೋ ಆ ಮನೆಯವರು ಒಂದು ಮೊಳೆ ತಂದು ಮರದವನಿಗೆ ಹೊಡೆಯಬೇಕು. ಮದುವೆಯಾದ ಪ್ರತಿ ಜೋಡಿಗೂ ಮರದವನ ಮೈಮೇಲೆ ಒಂದು ಜಾಗ ಗುರುತು ಮಾಡಿ ಕೊಡುತ್ತಿದ್ದರು. ಇವರಿಗೆ ಮೊಣಕಾಲು, ಅವರಿಗೆ ಪಕ್ಕೆಲುಬು, ಇನ್ನೊಬ್ಬರಿಗೆ ಹಣೆ. ಆ ಗಂಡ ಹೆಂಡಿರಲ್ಲೇ ಒಬ್ಬರು ಬಂದು ಆ ಜಾಗಕ್ಕೇ ಹೊಡೆಯಬೇಕು. ಸುತ್ತಿಗೆ ಊರಿಗೆಲ್ಲ ಒಂದೇ. ಅದನ್ನು ಇಟ್ಟುಕೊಂಡಿದ್ದವನು ಸುತ್ತಿಗೆಯ ಯಜಮಾನ. ಅವನು ಮೊಳೆ ಹಿಡಿಯುತ್ತಿದ್ದ, ದುಃಖದವರು ಹೊಡೆಯುತ್ತಿದ್ದರು, ಸುತ್ತ ನಿಂತ ಜನ ಒಂದೇ ದನಿಯಲ್ಲಿ ಅನ್ನುತ್ತಿದ್ದರು:

"ಮೊಳೆ ಹೊಡೆ, ಹಗುರಾಗು."

ಹೊಡೆದಾದ ಮೇಲೆ ಯಜಮಾನ ಕೇಳುತ್ತಿದ್ದ, "ಹಗುರಾಯಿತೆ?"

"ಹಗುರಾಯಿತು" ಅನ್ನಬೇಕು. ಎಲ್ಲರೂ ಹಾಗೇ ಅನ್ನುತ್ತಿದ್ದರು. ಅಂದ ಮೇಲೆ ಹೆಣಕ್ಕೆ ಹೆಗಲು ಸಿಗುತ್ತಿತ್ತು, ಮನೆಗೆ ಅಂಬಲಿ ಬರುತ್ತಿತ್ತು, ಆರಿದ ಒಲೆಗೆ ಪಕ್ಕದ ಮನೆಯಿಂದ ಕೆಂಡ ಬರುತ್ತಿತ್ತು. ಮೊಳೆ ಹೊಡೆದವರಿಗೆ ಅಲ್ಲಿಂದಾಚೆ ಕಣ್ಣೀರು ಮಾತ್ರ ಬರುತ್ತಿರಲಿಲ್ಲ. ಕಣ್ಣು ಉರಿಯುತ್ತಿತ್ತು, ನೀರು ಇಲ್ಲ. ಆ ಊರಿನ ಮಹಾಜನ ಅದನ್ನೇ ಹಗುರ ಅಂತ ಕರೆಯುತ್ತಿದ್ದರು ನೋಡಿ!

ಹೊಡೆಯದವರಿಗೂ ಒಂದು ಮಾತಿತ್ತು: "ಕೆಂಡ ಇಲ್ಲ, ನೀರು ಇಲ್ಲ, ಹೆಗಲು ಇಲ್ಲ." ಮೊಳೆಯಾಗದೆ ಉಳಿದ ದುಃಖ ಬೀದಿಯಲ್ಲಿ ಅಲೆಯುತ್ತದೆ, ಅಲೆದು ಇನ್ನೊಬ್ಬರ ಕದ ತಟ್ಟುತ್ತದೆ ಅನ್ನುವುದು ಅವರ ನಂಬಿಕೆ. ಹಾಗಾಗಿ ಜನ ಸುಮ್ಮನೆ ರಗಳೆ ಯಾಕೆ ಅಂತ ಹಲ್ಲುನೋವಿಗೂ ಒಂದು ಮೊಳೆ, ಕತ್ತೆ ಕುಂಟಿದರೂ ಒಂದು ಮೊಳೆ ಹೊಡೆದು ಕೈ ತೊಳೆದುಕೊಳ್ಳುತ್ತಿದ್ದರು. ಮರದವನ ಮುಖ ಯಾವತ್ತೋ ಮುಚ್ಚಿಹೋಗಿತ್ತು. ಎದೆ ಮುಚ್ಚಿತ್ತು, ಕಾಲು ಮುಚ್ಚಿತ್ತು. ತಲೆಯ ಮುಳ್ಳು ಯಾವುದು, ಊರಿನ ಮೊಳೆ ಯಾವುದು ಅಂತ ಹೇಳುವ ಹಾಗಿರಲಿಲ್ಲ.

ಬರಿದಾಗಿ ಉಳಿದದ್ದು ಎಡಗೈಯ ಅಂಗೈ ಒಂದೇ. ಅದು ರೊಟ್ಟಿಯವಳ ಮನೆಯ ಜಾಗ.

ರೊಟ್ಟಿಯವಳು ಅಂದರೆ ಊರಿಗೆಲ್ಲ ರೊಟ್ಟಿ ಸುಟ್ಟು ಕೊಡುತ್ತಿದ್ದವಳು. ಅವಳ ಗಂಡ ಭಟ್ಟಿಗೆ ಕಲ್ಲು ತುಂಬುತ್ತಿದ್ದ. ಅವರ ಮದುವೆಯ ದಿನ ಒಳ್ಳೆಯ ಜಾಗಗಳೆಲ್ಲ ದೊಡ್ಡವರ ಪಾಲಾಗಿ, ಈ ಬಡಪಾಯಿಗಳಿಗೆ ಉಳಿದದ್ದು ಆ ತುದಿಯ ಅಂಗೈ. ಅದರ ನಡುವೆ ಆಗಲೇ ಒಂದು ತೂತಿತ್ತು. ಎಷ್ಟೋ ಹಳೆಯದು, ಅಂಚೆಲ್ಲ ನುಣುಪಾಗಿತ್ತು. ಅದನ್ನು ಯಾರು ಮಾಡಿದ್ದು ಅಂತ ಊರಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಊರು ಹುಟ್ಟುವ ಮೊದಲೇ ಯಾರೋ ಹೊಡೆದಿದ್ದಾರೆ ಅನ್ನುತ್ತಿದ್ದರು, ಅಷ್ಟಕ್ಕೇ ಬಿಡುತ್ತಿದ್ದರು.

ರೊಟ್ಟಿಯವಳು ಬಿಡಲಿಲ್ಲ. ದಿನಾ ಬೆಳಿಗ್ಗೆ ಒಲೆಯ ಕೆಲಸ ಮುಗಿಸಿ, ಹಿಟ್ಟು ಮೆತ್ತಿದ ಬಿಸಿ ಕೈಯನ್ನು ಆ ಅಂಗೈ ಮೇಲೆ ಇಟ್ಟು ನಿಲ್ಲುತ್ತಿದ್ದಳು. "ಕರ್ತನೇ, ಇವತ್ತೂ ನೀನಿದ್ದೀಯ, ನಾವಿದ್ದೀವಿ" ಅನ್ನುತ್ತಿದ್ದಳು. ಅದೇ ಅವಳ ಪ್ರಾರ್ಥನೆ. ಅದಕ್ಕಿಂತ ಉದ್ದದ್ದು ಅವಳಿಗೆ ಯಾರೂ ಕಲಿಸಿರಲಿಲ್ಲ. ಬೆರಳ ತುದಿಗೆ ಆ ಹಳೆಯ ಗಾಯ ಸಿಕ್ಕಾಗಲೆಲ್ಲ, ಇವನಿಗೆ ನೋವು ಅಂದರೆ ಏನು ಅಂತ ಗೊತ್ತು, ಯಾರೂ ಹೇಳಿಕೊಡಬೇಕಿಲ್ಲ ಅಂತ ಅವಳಿಗೆ ಅನಿಸುತ್ತಿತ್ತು. ಗಂಡನೂ ಒಮ್ಮೊಮ್ಮೆ ಜೊತೆಗೆ ಬಂದು ನಿಲ್ಲುತ್ತಿದ್ದ.

ಊರು ನೋಡಿ ನಗುತ್ತಿತ್ತು. ಇನ್ನೂ ಏಟು ಬಿದ್ದಿಲ್ಲ ಪಾಪ, ಬೀಳಲಿ, ಆಮೇಲೆ ನೋಡೋಣ ಅನ್ನುತ್ತಿತ್ತು.

ಏಟು ಬಿತ್ತು. ಒಂದು ಮಧ್ಯಾಹ್ನ ಭಟ್ಟಿಯ ಬಾಯಿ ಕುಸಿದು ಅವಳ ಗಂಡ ಒಳಗೆ ಸಿಕ್ಕಿಕೊಂಡ. ತೆಗೆಯುವ ಹೊತ್ತಿಗೆ ಉಸಿರಿರಲಿಲ್ಲ. ಬಿಳಿಯ ಹೆಣವನ್ನು ತಂದು ಅವಳ ಜಗಲಿಯ ಮೇಲೆ ಮಲಗಿಸಿ, ತಂದವರು ಹೆಜ್ಜೆ ಹಿಂದಿಟ್ಟು ನಿಂತರು. ಯಜಮಾನ ಒಂದು ಹೊಸ ಮೊಳೆ ತಂದು ಹೊಸಿಲ ಮೇಲಿಟ್ಟ.

"ಏಳಮ್ಮಾ. ಕಟ್ಟಳೆ ಮುಗಿಸು. ಬಿಸಿಲೇರ್ತಾ ಇದೆ, ಹೆಣ ಇಟ್ಟುಕೊಂಡು ಕೂರೋಕಾಗಲ್ಲ."

ಅವಳು ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಲ್ಲಿ ಅವನ ಮೂಗಿನ ಸುಣ್ಣ ಒರೆಸುತ್ತಿದ್ದಳು. ಕಣ್ಣಿಂದ ಧಾರೆ ಇಳಿಯುತ್ತಿತ್ತು. ಊರಿನ ಹೆಂಗಸರು ಅದನ್ನೇ ನೋಡುತ್ತ ನಿಂತಿದ್ದರು. ಅಳುವುದನ್ನು ಅವರು ನೋಡಿ ಯಾವ ಕಾಲವಾಗಿತ್ತೋ.

"ನಾನು ಹೊಡೆಯಲ್ಲ ಯಜಮಾನ್ರೇ" ಅಂದಳು.

"ಏನಂದೆ?"

"ಹೊಡೆಯಲ್ಲ ಅಂದೆ. ನನ್ನ ಗಂಡನ್ನ ಅವನು ಕೊಂದಿಲ್ಲ. ಕುಸಿದದ್ದು ಭಟ್ಟಿ. ನಾನು ಯಾರ ಹತ್ರ ಹೋಗಿ ಅಳಬೇಕೋ ಅವನಿಗೇ ಮೊಳೆ ಹೊಡೆದು ಬಂದರೆ, ಆಮೇಲೆ ಎಲ್ಲಿಗೆ ಹೋಗಲಿ?"

ಈ ಮಾತಿಗೆ ಊರಿಗೆ ಸಿಟ್ಟು ಬಂತು. ಯಜಮಾನ ಕೈಯೆತ್ತಿದ. ಜನ ಒಂದೇ ದನಿಯಲ್ಲಿ, "ಕೆಂಡ ಇಲ್ಲ, ನೀರು ಇಲ್ಲ, ಹೆಗಲು ಇಲ್ಲ" ಅಂದರು. ಅಂದು, ಬೆನ್ನು ತಿರುಗಿಸಿ ಹೋದರು.

ಉಳಿದವಳು ಅತ್ತೆ. ಸತ್ತವನ ತಾಯಿ. ಅವಳು ತನ್ನ ಗಂಡ ಸತ್ತಾಗಲೇ ಮರದವನ ಭುಜಕ್ಕೆ ಮೊಳೆ ಹೊಡೆದು ಬಂದವಳು. ಈಗ ಮಗನ ಕಾಲ ಬಳಿ ಕೂತು, ಒಣಗಿದ ಕಣ್ಣನ್ನು ಎರಡೂ ಕೈಯಲ್ಲಿ ತಿಕ್ಕುತ್ತಿದ್ದಳು.

"ನಿನ್ನ ಬಾಯಿಗೆ ಮಣ್ಣು ಹಾಕ! ನನ್ನ ಮಗನ್ನ ನುಂಗಿದೋನಿಗೆ ಒಂದು ಮೊಳೆ ಹೊಡೆಯೋಕಾಗಲ್ವೇನೇ ನಿನಗೆ? ನಿನ್ನ ಹಟಕ್ಕೆ ನನ್ನ ಮಗ ಹೆಗಲಿಲ್ಲದೆ ಹೋಗಬೇಕಾ?"

"ನಾವಿಬ್ಬರೇ ಒಯ್ಯೋಣ ಅತ್ತೆ."

"ಒಯ್ಯೋಣವಂತೆ! ನೀನು ಅಳ್ತೀಯ, ನಿನಗೇನು. ನನಗೆ ಒಂದು ಹನಿ ಬರ್ತಾ ಇಲ್ಲ ಕಣೇ. ಹೆತ್ತ ಮಗ ಸತ್ತು ಬಿದ್ದಿದ್ದಾನೆ, ಒಂದು ಹನಿ ಬರ್ತಾ ಇಲ್ಲ."

ಸೌದೆ ತರುವ ತಳ್ಳುಗಾಡಿಯ ಮೇಲೆ ಅವನನ್ನು ಮಲಗಿಸಿದರು. ಸೊಸೆ ಎಳೆದಳು, ಅತ್ತೆ ಹಿಂದಿನಿಂದ ತಳ್ಳಿದಳು. ಬೀದಿಯುದ್ದಕ್ಕೂ ಕದಗಳು ಒಂದೊಂದಾಗಿ ಮುಚ್ಚಿಕೊಂಡವು. ಒಂದು ಗಾಲಿ ಕೀರಲು ದನಿ ಮಾಡುತ್ತಿತ್ತು. ಆ ದನಿಗಿಂತ ಜೋರಾಗಿ ಅತ್ತೆ ಶಾಪ ಹಾಕುತ್ತಲೇ ಇದ್ದಳು, ಆದರೆ ಗಾಡಿಯಿಂದ ಕೈ ತೆಗೆಯಲಿಲ್ಲ. ಗುಂಡಿ ತೋಡಿ, ಮಣ್ಣು ಮುಚ್ಚಿ, ರೊಟ್ಟಿಯವಳು ಎರಡು ಕಡ್ಡಿಗಳನ್ನು ಶಿಲುಬೆ ಮಾಡಿ ನೆಟ್ಟಾಗ ಅತ್ತೆ ಮುಖ ತಿರುಗಿಸಿಕೊಂಡು ಕೇಳಿದಳು, "ಎದ್ದು ಬರ್ತಾನೆ ಅಂತ ಮಾಡಿದ್ದೀಯೇನು?"

"ಬರ್ತಾನೆ ಅತ್ತೆ. ಯಾವತ್ತು ಅಂತ ಕೇಳಬೇಡಿ. ಕರ್ತ ಕರೆದ ದಿನ ಬರ್ತಾನೆ."

"ಹುಚ್ಚಿ" ಅಂದಳು ಅತ್ತೆ. ಖಾಲಿ ಗಾಡಿಯನ್ನು ಮನೆಯ ಕಡೆ ತಿರುಗಿಸಿದಳು.

ಅಲ್ಲಿಂದ ಊರು ತನ್ನ ಕಟ್ಟಳೆಯನ್ನು ಚಾಚೂ ತಪ್ಪದೆ ನಡೆಸಿತು. ಅವಳ ರೊಟ್ಟಿ ಕೊಳ್ಳುವವರು ಇಲ್ಲವಾದರು. ಬಾವಿಯ ಬಳಿ ಹೋದರೆ ಹೆಂಗಸರು ಹಗ್ಗ ಮೇಲೆಳೆದುಕೊಂಡು ಅವಳು ಹೋಗುವ ತನಕ ಕಲ್ಲಿನ ಹಾಗೆ ನಿಲ್ಲುತ್ತಿದ್ದರು. ಅತ್ತೆ ಸೊಸೆ ಊರಾಚೆಯ ಒರತೆಯಿಂದ ಉಪ್ಪುನೀರು ಬಗೆದು ತರುತ್ತಿದ್ದರು. ಒಲೆ ಆರಿದರೆ ಕೆಂಡ ಕೊಡುವವರಿಲ್ಲ ಅಂತ ಒಬ್ಬರು ಮಲಗಿದರೆ ಒಬ್ಬರು ಕೂತು ಬೆಂಕಿ ಕಾಯುತ್ತಿದ್ದರು. ಯಾರ ಮನೆಯಲ್ಲಿ ಮಗು ಕೆಮ್ಮಿದರೂ, ಯಾರ ಮಾಡು ಸೋರಿದರೂ ಬೀದಿಯಲ್ಲಿ ಒಂದೇ ಮಾತು: "ಆ ಮುಂಡೆಯ ದುಃಖ ಅಲೀತಾ ಇದೆ. ಇವತ್ತು ನಮ್ಮ ಮನೆಗೆ ಬಂತು."

ಆದರೂ ಬೆಳಿಗ್ಗೆ ಅವಳು ಶಿಲುಬೆಯ ಬಳಿ ಹೋಗುವುದನ್ನು ಬಿಡಲಿಲ್ಲ. ಅಂಗೈ ಮೇಲೆ ಅಂಗೈ ಇಟ್ಟು, "ಕರ್ತನೇ, ಇವತ್ತೂ ನೀನಿದ್ದೀಯ" ಅನ್ನುತ್ತಿದ್ದಳು. 'ನಾವಿದ್ದೀವಿ' ಅನ್ನಲು ಹೋಗಿ, 'ನಾನಿದ್ದೀನಿ' ಅನ್ನುತ್ತಿದ್ದಳು. ಬೆನ್ನಿಗೆ ಸುಣ್ಣದ ಹೆಂಟೆ ಬಂದು ಬೀಳುತ್ತಿದ್ದವು. ಯಾರು ಎಸೆದದ್ದು ಅಂತ ಅವಳು ತಿರುಗಿ ನೋಡುತ್ತಿರಲಿಲ್ಲ, ನೋಡಿದರೆ ಆ ಮುಖ ಮರೆಯುವುದು ಕಷ್ಟ ಅಂತ.

ಇಷ್ಟು ಕೇಳಿ ಇವಳೇನು ದೊಡ್ಡ ಸಂತಳು ಅಂದುಕೊಳ್ಳಬೇಡಿ. ಅವಳಿಗೂ ರಕ್ತ ಕುದಿಯುತ್ತಿತ್ತು. ಒಂದು ದಿನ ಒರತೆಯಿಂದ ಹೊತ್ತು ತಂದ ಕೊಡವನ್ನು ಜಗಲಿಯ ಮೇಲಿಟ್ಟು ಒಳಗೆ ಹೋಗಿ ಬರುವಷ್ಟರಲ್ಲಿ ಯಾರೋ ಅದಕ್ಕೆ ಸುಟ್ಟ ಸುಣ್ಣ ಸುರಿದಿದ್ದರು. ಕೊಡದ ನೀರು ಒಳಗೊಳಗೇ ಕಾದು ಸುಡುತ್ತಿತ್ತು. ಅದು ತಿಳಿಯದೆ ಅತ್ತೆ ಕೈ ಅದ್ದಿದಳು. ಮುದುಕಿಯ ಬೆರಳೆಲ್ಲ ಬೊಬ್ಬೆಯೆದ್ದವು. ಎದುರು ಮನೆಯ ಕಿಟಕಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಇದ್ದಬದ್ದ ಎಣ್ಣೆಯನ್ನು ಅತ್ತೆಯ ಕೈಗೆ ಸವರುತ್ತಿದ್ದ ಹಾಗೇ ರೊಟ್ಟಿಯವಳ ಕಣ್ಣು ಹೊಸಿಲ ಮೇಲಿನ ಮೊಳೆಗೆ ಬಿತ್ತು. ಯಜಮಾನ ಅವತ್ತು ಇಟ್ಟುಹೋದದ್ದು ಹಾಗೇ ಬಿದ್ದಿತ್ತು. ಸಟ್ಟನೆ ಎದ್ದು ಅದನ್ನು ತೆಗೆದುಕೊಂಡಳು. ಬೀದಿಯಲ್ಲಿ ಒಂದು ಕಲ್ಲು ಎತ್ತಿಕೊಂಡಳು. ದಡದಡ ನಡೆದು ಶಿಲುಬೆಯ ಮುಂದೆ ನಿಂತಳು. ಅವಳ ಕೈಯಲ್ಲಿ ಮೊಳೆ ಕಂಡದ್ದೇ ತಡ, ಕದಗಳು ಪಟಪಟ ತೆರೆದವು. ಜನ ಓಡಿ ಬಂದು ಸುತ್ತ ನಿಂತರು. ಅವರ ಮುಖದಲ್ಲಿ ಏನು ಖುಷಿ ಅಂತೀರಿ!

"ಮೊಳೆ ಹೊಡೆ, ಹಗುರಾಗು" ಅಂದರು. "ಮೊಳೆ ಹೊಡೆ, ಹಗುರಾಗು."

ರೊಟ್ಟಿಯವಳು ಅವರ ಕಡೆ ನೋಡಲಿಲ್ಲ. ಮೊಳೆಗಳ ಹಿಂದೆ ಎಲ್ಲೋ ಇದ್ದ ಮುಖಕ್ಕೆ ಕೂಗಿದಳು.

"ಎಲ್ಲಿದ್ದೆ ನೀನು? ಭಟ್ಟಿ ಕುಸಿಯುವಾಗ ಎಲ್ಲಿದ್ದೆ? ದಿನಾ ಬಂದು ಕೈ ಹಿಡಿದೆನಲ್ಲ, ಒಂದು ಸಲ ನೀನು ಹಿಡಿಯೋಕಾಗಲಿಲ್ವಾ? ಆ ಮುದುಕಿ ಏನು ಮಾಡಿದ್ದಳು ನಿನಗೆ? ಬಾಯಿಬಿಡು! ಏನಾದರೂ ಹೇಳು!"

ಅವಳು ಮೊಳೆಯನ್ನು ಅಂಗೈಗೆ ಹಿಡಿದು ಕಲ್ಲೆತ್ತಿದಳು. ಆಗ ನೋಡಿ, ಹೊಡೆಯುವ ಮೊದಲೇ ಮೊಳೆ ಬೆರಳಿನಿಂದ ಜಾರಿತು. ಜಾರಿ, ಆ ಹಳೆಯ ತೂತಿನೊಳಗೆ ತಾನಾಗಿಯೇ ಇಳಿದು, ತಲೆ ಮಾತ್ರ ಹೊರಗೆ ನಿಂತಿತು. ಅವಳ ಮೊಳೆಗೂ ಆ ಗಾಯಕ್ಕೂ ಒಂದೇ ಅಳತೆ.

ಅವಳು ಕಲ್ಲೆತ್ತಿದ ಕೈಯಲ್ಲೇ ನಿಂತುಬಿಟ್ಟಳು. ಇನ್ನು ಹೊಡೆಯುವುದು ಏನನ್ನು? ತನ್ನ ಮನೆಗೆ ಬಂದ ದುಃಖ ತನಗಿಂತ ಮೊದಲೇ ಅವನ ಕೈಗೆ ಬಂದು ಹೋಗಿದೆ. ಎಲ್ಲಿದ್ದೆ ಅಂತ ಕೇಳಿದಳಲ್ಲ, ಇಲ್ಲೇ ಇದ್ದ. ಇಷ್ಟು ದಿನ ಅವಳು ಕೈಯಿಟ್ಟ ಜಾಗದಲ್ಲೇ, ಅವಳ ಬೆರಳಿನ ಕೆಳಗೇ ಇದ್ದ. ಕಲ್ಲು ಕೈಯಿಂದ ಬಿತ್ತು. ಉಗುರಿನಲ್ಲಿ ಮೀಟಿ ಮೊಳೆಯನ್ನು ಎಳೆದು ತೆಗೆದು, ಅಂಗೈಗೆ ಮುಖವಿಟ್ಟು ಗೊಳೋ ಅಂತ ಅತ್ತಳು.

"ತಪ್ಪಾಯಿತು ಕರ್ತನೇ. ಸಿಟ್ಟು ಇನ್ನೂ ಇದೆ, ಸುಳ್ಳು ಹೇಳಲ್ಲ. ಆದರೆ ನಿನ್ನ ಕೈ ಬಿಡಲ್ಲ."

ಮನೆಗೆ ಬಂದಾಗ ಅತ್ತೆ ಎಣ್ಣೆಯ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದಳು. ಸೊಸೆ ಮೊಳೆಯನ್ನು ಮತ್ತೆ ಹೊಸಿಲ ಮೇಲಿಟ್ಟದ್ದನ್ನು ನೋಡಿದಳು. ಬೈಯುತ್ತಾಳೆ ಅಂದುಕೊಂಡರೆ ಬೈಯಲಿಲ್ಲ. "ಹಿಟ್ಟು ಕಲಸು, ಹಸಿವಾಗಿದೆ" ಅಂದಳು, ಅಷ್ಟೇ.

ಊರಿಗೆ ಮಾತ್ರ ಹೊಟ್ಟೆಗೆ ಕೊಳ್ಳಿಯಿಟ್ಟ ಹಾಗಾಯಿತು. ಹೊಡೆಯದಿದ್ದವಳನ್ನು ಸಹಿಸಿಕೊಂಡಿದ್ದರೋ ಏನೋ. ಹೊಡೆಯಲು ಬಂದು, ಇಳಿದ ಮೊಳೆಯನ್ನು ಕಿತ್ತುಕೊಂಡು ಹೋದವಳನ್ನು ಹೇಗೆ ಸಹಿಸುತ್ತಾರೆ? ಆ ಊರಿನಲ್ಲಿ ಮೊಳೆ ಹೊಡೆದವರೇ ಎಲ್ಲ, ಕಿತ್ತವರು ಒಬ್ಬರಿಲ್ಲ. ಮೊಳೆ ಕೀಳುವ ಚಿಮ್ಮಟ ಕೂಡ ಯಾರ ಮನೆಯಲ್ಲೂ ಇರಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ಅದೇ ಭಟ್ಟಿ ಮತ್ತೆ ಕುಸಿಯಿತು. ಕುಸಿಯದೆ ಏನು ಮಾಡುತ್ತದೆ ಹೇಳಿ? ಮೊದಲ ಸಲ ಕುಸಿದಾಗ ಅದರ ಗೋಡೆಯನ್ನು ಯಾರಾದರೂ ನೋಡಿದ್ದರೇ? ಮೊಳೆಯ ಪಂಚಾಯಿತಿಯಲ್ಲಿ ಎಲ್ಲರೂ ಅದನ್ನು ಮರೆತಿದ್ದರು. ಈ ಸಲ ಒಳಗೆ ಸಿಕ್ಕವನು ಸುತ್ತಿಗೆಯ ಯಜಮಾನನ ಒಬ್ಬನೇ ಮಗ.

ಯಜಮಾನ ಮಗನನ್ನು ತಾನೇ ಎತ್ತಿಕೊಂಡು ಬಂದು ಶಿಲುಬೆಯ ಮುಂದೆ ಮಲಗಿಸಿದ. ಅವನ ಕಣ್ಣು ಕೆಂಡದ ಹಾಗೆ ಕೆಂಪಗೆ, ಒಣಗಿ ಉರಿಯುತ್ತಿತ್ತು. ಎಲ್ಲರಿಗೂ ಮೊಳೆ ಹಿಡಿದವನಿಗೆ ಈಗ ಮೊಳೆ ಹಿಡಿಯುವವರು ಯಾರೂ ಇಲ್ಲ. ತಾನೇ ಹಿಡಿದುಕೊಂಡು ತನ್ನ ಮನೆಯ ಜಾಗಕ್ಕೆ, ಮರದವನ ಎದೆಗೆ ಹೊಡೆದ. ಮೊಳೆ ಮೊಳೆಗೆ ತಾಗಿ ಠಣ್ ಅಂದು ಸೊಟ್ಟಗಾಗಿ ಬಿತ್ತು. ಇನ್ನೊಂದು ಹೊಡೆದ. ಅದೂ ಬಿತ್ತು. ಕತ್ತೆಗೂ ಹಲ್ಲಿಗೂ ನೆಗಡಿಗೂ ಹೊಡೆದೂ ಹೊಡೆದೂ ಅವನ ಜಾಗದಲ್ಲಿ ಒಂದು ಗುಂಡುಸೂಜಿಗೂ ಎಡೆ ಉಳಿದಿರಲಿಲ್ಲ. ಮಗ ಸತ್ತ ದಿನಕ್ಕೆ ಅಂತ ಯಾರು ಜಾಗ ಉಳಿಸಿಟ್ಟಿರುತ್ತಾರೆ?

ಯಜಮಾನ ತಿರುಗಿ ನೋಡಿದ. ಇಡೀ ಮರದ ಮೇಲೆ ಬರಿದಾಗಿ ಇದ್ದದ್ದು ಆ ಅಂಗೈ.

"ನನ್ನ ಮನೆಗೆ ಬಂದದ್ದು ನನ್ನ ದುಃಖ ಅಲ್ಲ" ಎಂದು ಕಿರುಚಿದ. "ಅದು ಆ ರೊಟ್ಟಿಯವಳದ್ದು! ಅವಳು ಬೀದಿಗೆ ಬಿಟ್ಟದ್ದು! ಅವಳ ಜಾಗಕ್ಕೇ ಹೊಡೀತೀನಿ!"

"ಹೊಡಿ" ಅಂದಿತು ಊರು. "ಮೊಳೆ ಹೊಡೆ, ಹಗುರಾಗು."

ಆ ಗದ್ದಲ ರೊಟ್ಟಿಯವಳ ಒಲೆಯ ತನಕ ಬಂತು. ಅವಳು ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಹಿಂದೆ ಅತ್ತೆ ಏದುಸಿರು ಬಿಡುತ್ತ ಬಂದಳು. ಯಜಮಾನ ಸುತ್ತಿಗೆ ಎತ್ತಿದ್ದ. ಏನು ಮಾಡುತ್ತಿದ್ದೇನೆ ಅಂತ ಯೋಚಿಸಲು ಅವಳಿಗೆ ಪುರಸೊತ್ತಿರಲಿಲ್ಲ. ದಿನಾ ಮಾಡುತ್ತಿದ್ದದ್ದನ್ನೇ ಮಾಡಿದಳು. ಅಂಗೈ ಮೇಲೆ ಅಂಗೈ ಇಟ್ಟಳು.

"ಕೈ ತೆಗಿ" ಅಂದ ಯಜಮಾನ.

"ತೆಗೆಯಲ್ಲ."

"ತೆಗಿ ಅಂದೆ! ಕೈ ಇದ್ದರೂ ಹೊಡೀತೀನಿ. ಹೊಡೆಯಲ್ಲ ಅಂದ್ಕೊಂಡಿದ್ದೀಯಾ?"

"ಹೊಡೀತೀರಿ ಅಂತ ಗೊತ್ತು ಯಜಮಾನ್ರೇ."

ಕೈ ಎಳೆದುಕೋ, ಎಳೆದುಕೋ ಅಂತ ಅವಳ ಮೈಯೆಲ್ಲ ಬೊಬ್ಬೆ ಹೊಡೆಯುತ್ತಿತ್ತು. ಈ ಕೈ ಹೋದರೆ ಹಿಟ್ಟು ಕಲಸುವುದು ಯಾವುದರಿಂದ? ಕರ್ತನೇ, ನನ್ನ ಕೈಯಲ್ಲಿ ಆಗಲ್ಲ, ನೀನೇ ಹಿಡಕೋ ಅಂದಳು. ಬೆರಳ ಕೆಳಗೆ ಆ ಹಳೆಯ ಗಾಯ ಇತ್ತು. ಅವಳು ಕಣ್ಣು ಮುಚ್ಚಿಕೊಂಡಳು.

"ಅಯ್ಯೋ, ಬಿಡಿ ಯಜಮಾನ್ರೇ, ನನ್ನ ಸೊಸೆ ಅವಳು!" ಅಂತ ಅತ್ತೆ ಚೀರಿದಳು. ಆದರೆ ಸುತ್ತ ನಿಂತವರು ಅವಳನ್ನು ಹಿಡಿದುಕೊಂಡರು.

ಯಜಮಾನ ಹೊಡೆದ.

ಒಂದೇ ಏಟು. ಮೊಳೆ ಅವಳ ಕೈಯನ್ನು ತೂರಿ, ಕೆಳಗಿನ ತೂತಿಗೆ ಸಲೀಸಾಗಿ ಇಳಿಯಿತು. ರೊಟ್ಟಿಯವಳು ಹಲ್ಲು ಕಚ್ಚಿ ಸಹಿಸಿಕೊಂಡಳು ಅಂತ ನಾನು ಹೇಳುವುದಿಲ್ಲ. "ಅಪ್ಪಾ, ಕರ್ತನೇ!" ಅಂತ ಊರೆಲ್ಲ ಕೇಳುವ ಹಾಗೆ ಕೂಗಿದಳು. ರಕ್ತ ಚಿಮ್ಮಿ ಬಿಳಿ ಬೂದಿಯ ಮೇಲೆ ಬಿತ್ತು, ಯಜಮಾನನ ಬಿಳಿ ಕೈಯ ಮೇಲೆ ಬಿತ್ತು. ಇಷ್ಟು ಮೊಳೆ ಹೊಡೆದ ಆ ಊರು ಒಂದು ಮೊಳೆ ಏನು ಮಾಡುತ್ತದೆ ಅಂತ ನೋಡಿದ್ದು ಅವತ್ತೇ ಮೊದಲು. ಮರಕ್ಕೆ ಹೊಡೆದಾಗ ಬರೀ ಸದ್ದು ಬರುತ್ತಿತ್ತು.

ಈಗ ಒಂದು ಪ್ರಶ್ನೆ ಕೇಳಬೇಕು. ಕಟ್ಟಳೆ ಅದು. ಆದರೆ ಯಾವತ್ತೂ ಕೇಳುತ್ತಿದ್ದವನು ಯಜಮಾನನೇ. ಅವನನ್ನು ಕೇಳುವವರು ಯಾರು?

ರೊಟ್ಟಿಯವಳು ಕಣ್ಣು ತೆರೆದಳು. ಅವಳ ಕೆನ್ನೆಯೆಲ್ಲ ಒದ್ದೆಯಾಗಿತ್ತು.

"ಹಗುರಾಯಿತೇ ಅಣ್ಣಾ?" ಅಂದಳು.

ಚುಚ್ಚಿ ಕೇಳಿದ್ದಲ್ಲ. ನಿಜವಾಗಿಯೇ ಕೇಳಿದಳು. ಆಗಿದ್ದರೆ ಆಗಲಿ ಅನ್ನುವ ಹಾಗೆ ಕೇಳಿದಳು. ಯಜಮಾನನ ಬಾಯಿ ತೆರೆಯಿತು. ಊರಿಗೆಲ್ಲ ಹೇಳಿಸಿದ ಮಾತು ಅವನ ನಾಲಿಗೆಯ ತುದಿಯಲ್ಲೇ ಇತ್ತು. ನೆಲದ ಮೇಲೆ ಮಲಗಿದ್ದ ಮಗನನ್ನು ನೋಡಿದ. ತನ್ನ ಕೈ ನೋಡಿಕೊಂಡ.

"ಇಲ್ಲ" ಅಂದ. "ಇಲ್ಲ ತಂಗೀ. ಆಗಲಿಲ್ಲ."

ಸುತ್ತಿಗೆ ಕೆಳಗೆ ಬಿತ್ತು. ಅವನು ಆ ಮೊಳೆಯ ತಲೆಯನ್ನು ಎರಡೂ ಕೈಯ ಬೆರಳಲ್ಲಿ ಹಿಡಿದು ಎಳೆಯತೊಡಗಿದ. ಉಗುರು ಸೀಳಿತು. ಬಿಡಲಿಲ್ಲ. "ತಾಳವ್ವಾ, ತಾಳು, ತಾಳು" ಅನ್ನುತ್ತ ಎಳೆದ. ಮೊಳೆ ಬಂತು. ಅದರ ಹಿಂದೆಯೇ, ಯಾವ ಕಾಲದಿಂದಲೋ ಒಣಗಿದ್ದ ಅವನ ಕಣ್ಣಿಂದ ನೀರು ಬಂತು. ರೆಪ್ಪೆಯ ಸುಣ್ಣಕ್ಕೆ ನೀರು ತಾಗಿ ಕಣ್ಣೆಲ್ಲ ಉರಿದು ಹೋದರೂ ಅವನು ಒರೆಸಿಕೊಳ್ಳಲಿಲ್ಲ. ಮಗನ ಪಕ್ಕ ಕುಸಿದು, "ನನ್ನ ಕಂದಾ, ನನ್ನ ಕಂದಾ" ಅಂತ ಎದೆ ಬಡಿದುಕೊಂಡು ಅತ್ತ.

ಊರು ಕರಗಿತು ಅಂತ ನೀವು ಕಾಯುತ್ತಿದ್ದರೆ, ಇಲ್ಲ, ಕರಗಲಿಲ್ಲ. ಅದು ಒಂದು ಹೆಜ್ಜೆ ಹಿಂದೆ ಸರಿಯಿತು. ಹೊಡೆದ ಮೊಳೆಯನ್ನು ಕಿತ್ತ ಯಜಮಾನನೂ ಈಗ ಹೊಡೆಯದವನೇ ಆದ. ಯಾರೋ ಒಬ್ಬ ಬಾಗಿ ಸುತ್ತಿಗೆಯನ್ನು ಎತ್ತಿಕೊಂಡ. ಗುಂಪಿನಿಂದ ಮೆಲ್ಲಗೆ ಆ ಮಾತು ಶುರುವಾಯಿತು. ಮೊದಲು ಒಂದು ಬಾಯಿ, ಆಮೇಲೆ ನಾಲ್ಕಾರು ಬಾಯಿ, ಆಮೇಲೆ ಎಲ್ಲರದೂ.

"ಕೆಂಡ ಇಲ್ಲ, ನೀರು ಇಲ್ಲ, ಹೆಗಲು ಇಲ್ಲ."

ಅಂದು, ಬೆನ್ನು ತಿರುಗಿಸಿ ಹೋದರು. ಬೀದಿಯುದ್ದಕ್ಕೂ ಕದಗಳು ಒಂದೊಂದಾಗಿ ಮುಚ್ಚಿಕೊಂಡವು. ಶಿಲುಬೆಯ ಕೆಳಗೆ ಒಂದು ಹೆಣ, ಅಳುವ ಒಬ್ಬ ತಂದೆ, ಇಬ್ಬರು ಹೆಂಗಸರು ಉಳಿದರು.

ಅತ್ತೆ ತನ್ನ ಸೆರಗು ಹರಿದು ಸೊಸೆಯ ಕೈಗೆ ಬಿಗಿಯಾಗಿ ಕಟ್ಟಿದಳು. ಕಟ್ಟುವಾಗ ಆ ಬೊಬ್ಬೆಯೆದ್ದ ಬೆರಳುಗಳ ಮೇಲೆ ಏನೋ ಟಪ್ ಅಂತ ಬಿತ್ತು. ಅತ್ತೆ ಬೆಚ್ಚಿ ಕೈ ನೋಡಿಕೊಂಡಳು, ಆಮೇಲೆ ಕೆನ್ನೆ ಮುಟ್ಟಿ ನೋಡಿಕೊಂಡಳು.

"ನೋಡ್ತಾ ನಿಂತರೆ ಆಯ್ತೇನೇ?" ಅಂತ ಗದರಿದಳು. "ಬಿಸಿಲೇರ್ತಾ ಇದೆ. ಗಾಡಿ ತರ್ತೀನಿ, ಇರು."

ಕೀರಲು ಗಾಲಿಯ ತಳ್ಳುಗಾಡಿ ಬಂತು. ಯಜಮಾನ ತಲೆಯೆತ್ತಿ ಆ ಗಾಡಿಯನ್ನು ನೋಡಿದ. ಅದು ಒಮ್ಮೆ ಯಾರನ್ನು ಹೊತ್ತು ಇದೇ ಬೀದಿಯಲ್ಲಿ ಹೋಗಿತ್ತು ಅನ್ನುವುದು ಅವನಿಗೆ ನೆನಪಾಯಿತು. ನಾಚಿಕೆಯಿಂದ ಮುಖ ಮುಚ್ಚಿಕೊಂಡ.

"ನನಗೆ ಹೆಗಲು ಇಲ್ಲ ತಂಗೀ" ಅಂದ. "ನಾನೇ ಹೇಳಿಸಿದ ಮಾತು ಅದು."

ರೊಟ್ಟಿಯವಳು ಗಾಯದ ಕೈಯನ್ನು ಎದೆಗೆ ಒತ್ತಿಕೊಂಡು, ಇನ್ನೊಂದು ಕೈಯಿಂದ ಗಾಡಿಯ ಹಿಡಿ ಹಿಡಿದು, ಹೆಗಲು ಕೊಟ್ಟು ನಿಂತಳು.

"ಇದೆ ಅಣ್ಣಾ" ಅಂದಳು. "ಏಳಿ, ಹುಡುಗನ್ನ ಎತ್ತಿ ಮಲಗಿಸಿ."